ನೆಗೆಣ್ಣಿಯ ದನಿ

ನನ್ನ ಮೈದುನನ ಹೆಂಡತಿಯ ದನಿ ಒಂದು ವರ್ಷದ ಮಟ್ಟಿಗೆ ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಬಸುರಿಯರ ಕಿವಿಯಲ್ಲೆಲ್ಲ ಇತ್ತು. ಆ ವರ್ಷ ನಾನು ಪಟ್ಟ ಹೊಟ್ಟೆಕಿಚ್ಚು ಹಗೆಯವರಿಗೂ ಬೇಡ.

ನಾನು ನರ್ಸು. ಕಲಬುರಗಿಯಲ್ಲಿ ಕಲಿತು, ಮದುವೆಯಾದ ಮೇಲೆ ಸೇಡಂನ ಒಂದು ಹೆರಿಗೆ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದವಳು. ಅಲ್ಲಿಯ ಡಾಕ್ಟರಮ್ಮ ಬಿರುಸಿನ ಹೆಂಗಸು. ಯಾರನ್ನೂ ಹೊಗಳುವವರಲ್ಲ, ಆದರೆ ಕಷ್ಟದ ಹೆರಿಗೆ ಬಂತೆಂದರೆ ನನ್ನನ್ನೇ ಕರೆಯುತ್ತಿದ್ದರು. ಮನೆಯಲ್ಲಿ ನನ್ನ ಗಂಡ, ಅವರ ತಮ್ಮ, ಅತ್ತೆ, ನಾನು, ನನ್ನ ನೆಗೆಣ್ಣಿ. ಒಂದೇ ಒಲೆ. ನೆಗೆಣ್ಣಿ ಎಂದರೆ ಆ ಮೈದುನನ ಹೆಂಡತಿಯೇ. ಚಿಂಚೋಳಿ ತಾಲ್ಲೂಕಿನ ಐನಾಪುರದ ಕಡೆಯಿಂದ ಬಂದವಳು. ಪಿಯುಸಿಗೆ ಓದು ನಿಲ್ಲಿಸಿದ್ದಳು. ಆ ಕಡೆಯವರ ಹಾಗೆ ಮಾತಿನ ನಡುವೆ ತೆಲುಗು ಸೇರಿಸುತ್ತಿದ್ದಳು, ಗೊತ್ತಿಲ್ಲ ಅನ್ನುವುದಕ್ಕೆ 'ಏಮೋ' ಅನ್ನುತ್ತಿದ್ದಳು. ಸಂತೆಯಿಂದ ಬಂದರೆ ಚಪ್ಪಲಿ ಬಿಡುವ ಮೊದಲೇ ಕತೆ ಶುರು. ನಮ್ಮ ಅತ್ತೆ ತಿರುಗುತ್ತಿದ್ದ ಮಿಕ್ಸಿ ನಿಲ್ಲಿಸಿ ಕೇಳುತ್ತಿದ್ದರು. ನಾನು ದವಾಖಾನೆಯಿಂದ ಬಂದು ಏನಾದರೂ ಹೇಳಿದರೆ ಮಿಕ್ಸಿ ನಿಲ್ಲುತ್ತಿರಲಿಲ್ಲ.

ನನಗೆ ನನ್ನ ದನಿಯ ಬಗ್ಗೆ ಹೆಮ್ಮೆ ಇತ್ತು, ಅದನ್ನೂ ಹೇಳಿಬಿಡಬೇಕು. ಶಾಲೆಯಲ್ಲಿ ಪ್ರಾರ್ಥನೆ ಹೇಳಿಕೊಡುತ್ತಿದ್ದವಳು ನಾನೇ. ನರ್ಸಿಂಗ್ ಕಾಲೇಜಿನ ಕಾರ್ಯಕ್ರಮಗಳಲ್ಲಿ ನಿರೂಪಣೆ ನನ್ನದೇ. ಒತ್ತಕ್ಷರ ತಪ್ಪದೆ, ಹಕಾರ ಬಿಡದೆ ಮಾತಾಡುವುದನ್ನು ಕಷ್ಟಪಟ್ಟು ಕಲಿತಿದ್ದೆ. ರೇಡಿಯೋದವರ ಹಾಗೆ ಮಾತಾಡ್ತೀ ಎಂದು ಯಾರಾದರೂ ಅಂದರೆ ನಾಲ್ಕು ದಿನ ಅದೇ ಗುಂಗಿನಲ್ಲಿರುತ್ತಿದ್ದೆ.

ಹೀಗಿರುವಾಗ ವಾಡಿಯಲ್ಲಿ ಒಂದು ಕಂಪನಿ ಬಂದಿದೆ ಎಂದು ಡಾಕ್ಟರಮ್ಮನೇ ಹೇಳಿದರು. ಬಸುರಿಯರಿಗೆ ವಾರಕ್ಕೊಮ್ಮೆ ಫೋನು ಮಾಡಿ, ಊಟ, ಗುಳಿಗೆ, ಬಾವು, ನೋವು ಎಲ್ಲ ವಿಚಾರಿಸಿ, ಅವರು ಕೇಳಿದ್ದಕ್ಕೆ ತಾನೇ ಉತ್ತರ ಕೊಡುವ ಯಂತ್ರವಂತೆ. ಎಐ ಎನ್ನುವ ಮಾತು ಆಗಲೇ ಎಲ್ಲರ ಬಾಯಿಗೂ ಬಂದಿತ್ತು. ದೊಡ್ಡ ಊರುಗಳಲ್ಲಿ ಮಾಡಿದರೆ ನೂರು ಕಂಪನಿಗಳ ಪೈಪೋಟಿ, ಅದಕ್ಕೇ ಡಾಕ್ಟರುಗಳು ಕಡಿಮೆ ಇರುವ ನಮ್ಮ ಸೀಮೆಯನ್ನು ಹುಡುಕಿಕೊಂಡು ಬಂದಿದ್ದರು. ನಾಲ್ಕೂ ದಿಕ್ಕಿನ ರೈಲು ಸಿಗುತ್ತದೆಂದು ವಾಡಿಯಲ್ಲಿ ಆಫೀಸು ಮಾಡಿದ್ದರು.

"ಅವರಿಗಿ ಒಬ್ಬ ನರ್ಸು ಬೇಕಂತ. ಯಂತ್ರ ಹೇಳೂ ಮಾತು ಖರೇ ಅದನೋ ಇಲ್ಲೋ ನೋಡ್ಲಿಕ್ಕ," ಎಂದರು ಡಾಕ್ಟರಮ್ಮ. "ಮತ್ತ ಒಂದು ದನಿನೂ ಬೇಕಂತ. ನಿನಗ ಎರಡೂ ಒಪ್ಪತಾವ. ಹೋಗಿ ಬಾ. ನಿನ್ನ ಜಾಗಾ ಖಾಲಿ ಇಡ್ತೀನಂತ ಮಾತ್ರ ತಿಳೀಬ್ಯಾಡ."

ನನಗೆ ನರ್ಸಿನ ಕೆಲಸಕ್ಕಿಂತ ಆ ಎರಡನೆಯದರ ಮೇಲೆ ಮನಸ್ಸು ಹೋಯಿತು. ಪರೀಕ್ಷೆಗೆ ಹೊರಟ ದಿನ ನೆಗೆಣ್ಣಿಯೂ ಜೊತೆಗೆ ಬಂದಳು. ಶಹಾಬಾದಿನಲ್ಲಿ ಅವಳ ಚಿಕ್ಕಮ್ಮನ ಮನೆ, ವಾಡಿಯಲ್ಲಿ ನನ್ನ ಕೆಲಸ ಮುಗಿದ ಮೇಲೆ ಅಲ್ಲಿಗೆ ಹೋಗಿ ಬರೋಣ ಎಂದು. ರೈಲಿನಲ್ಲಿ ನಾನು ಮನಸ್ಸಿನಲ್ಲೇ ವಾಕ್ಯಗಳನ್ನು ಹೇಳಿಕೊಳ್ಳುತ್ತ ಕುಳಿತಿದ್ದೆ. ಅವಳು ಎದುರಿನ ಸೀಟಿನ ಮುದುಕಿಯ ಸೊಸೆಯಂದಿರ ಕತೆಯನ್ನೆಲ್ಲ ಚಿತ್ತಾಪುರ ದಾಟುವುದರೊಳಗೆ ಕೇಳಿ ಮುಗಿಸಿದ್ದಳು.

ಆಫೀಸು ಒಂದು ಗೊಬ್ಬರದ ಅಂಗಡಿಯ ಮೇಲಿತ್ತು. ಮೆಟ್ಟಿಲು ಹತ್ತುವಾಗ ಯೂರಿಯಾದ ವಾಸನೆ. ಮೇಲೆ ಎರಡು ಕೋಣೆ, ಒಂದರಲ್ಲಿ ಗೋಡೆಗೆಲ್ಲ ಕೌದಿ ಬಡಿದಿದ್ದರು, ರೈಲಿನ ಸದ್ದು ಒಳಗೆ ಬರಬಾರದೆಂದು. ಆಫೀಸಿನ ಮುಖ್ಯಸ್ಥೆ ಮೈಸೂರು ಕಡೆಯ ಹುಡುಗಿ, ನನಗಿಂತ ಚಿಕ್ಕವಳು. ಎಲ್ಲರೂ ಅವಳನ್ನು ಮ್ಯಾಡಂ ಎನ್ನುತ್ತಿದ್ದರು. ಕೌದಿಯ ಕೋಣೆಯಲ್ಲಿ ಕೂರಿಸಿ ನನ್ನಿಂದ ಓದಿಸಿದಳು. ನಾನು ಚೆನ್ನಾಗಿಯೇ ಓದಿದೆ. ಇಷ್ಟು ವರ್ಷದ ಮೇಲೂ ಹೇಳುತ್ತೇನೆ, ಅಷ್ಟು ಚೆನ್ನಾಗಿ ನಾನು ಎಂದೂ ಓದಿರಲಿಲ್ಲ.

"ನಿಮ್ಮ ಧ್ವನಿ ತುಂಬ ಸ್ಪಷ್ಟವಾಗಿದೆ," ಎಂದಳು ಮ್ಯಾಡಂ. ಅಷ್ಟರಲ್ಲಿ ಬಾಗಿಲಾಚೆ ಮಾತು ಕೇಳಿಸಿತು. ಕೆಳಗಿನ ಅಂಗಡಿಯ ಹಮಾಲನ ಹೆಂಡತಿ, ತುಂಬು ಬಸುರಿ, ಗಂಡನಿಗೆ ಬುತ್ತಿ ಕೊಟ್ಟು ನೆರಳಿಗೆಂದು ಮೆಟ್ಟಿಲ ಮೇಲೆ ಕುಳಿತಿದ್ದಳು. ನಮ್ಮವಳು ಅವಳ ಪಕ್ಕ ಕುಳಿತಿದ್ದಳು.

"ಯಾಕ ತಂಗಿ, ಮಾರಿ ಬಾಡೇದಲಾ? ಗಂಡಗ ಬುತ್ತಿ ತಂದಿ, ನೀ ಉಂಡೀಯೋ ಇಲ್ಲೋ?"

"ಉಣಬೇಕನಸವಲ್ದರಿ ಅಕ್ಕಾ."

"ಅನಸವಲ್ದಂದ್ರ ಹೊಟ್ಟಿ ಒಳಗಿಂದು ಕೇಳ್ತದೇನು? ಜರಾ ಮಜ್ಜಿಗಿ ಕುಡಿ. ಕಾಲು ಚಾಚು, ನಾಚಬ್ಯಾಡ. ನೋಡಮ, ಬಾತಾವೇನು?"

ಮ್ಯಾಡಂ ಎದ್ದು ಹೋಗಿ ಬಾಗಿಲು ತೆರೆದು ನಿಂತಳು. ಬಹಳ ಹೊತ್ತು ನಿಂತಳು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಅವರು ಯಾರು? ನಿಮ್ಮ ಜೊತೆಯವರಾ?"

ಆ ಪ್ರಶ್ನೆ ಬಂದ ಕ್ಷಣವೇ ನನಗೆ ಗೊತ್ತಾಗಿಹೋಯಿತು.

ಮ್ಯಾಡಂ ತಿಳಿಸಿ ಹೇಳಿದಳು, ನಯವಾಗಿಯೇ ಹೇಳಿದಳು. ನನ್ನದು ವೇದಿಕೆಯ ದನಿಯಂತೆ; ಕೇಳಿದ ಹೆಂಗಸು ಎದ್ದು ನಿಂತು ಹೂಂ ಅನ್ನುತ್ತಾಳೆ, ಆದರೆ ತನ್ನ ಕಷ್ಟ ಹೇಳಿಕೊಳ್ಳುವುದಿಲ್ಲವಂತೆ. ಅವರಿಗೆ ಮನೆಯವರ ದನಿ ಬೇಕಂತೆ. ನನಗೆ ನರ್ಸಿನ ಕೆಲಸ ಕೊಟ್ಟರು. ಮೈಕಿನ ಮುಂದೆ ನೆಗೆಣ್ಣಿಯನ್ನು ಕೂರಿಸಿದರು. ಅವಳು ಮೊದಲು ಒಪ್ಪಲಿಲ್ಲ. "ಏಮೋರಿ, ನನಗ ಓದಿ ಹೇಳ್ಲಿಕ್ಕ ಬರಂಗಿಲ್ಲ. ಅಕ್ಕಾನೇ ಛಲೋ ಓದ್ತಾಳ," ಎಂದಳು. ಅವಳು ಹಾಗೆ ಅಂದದ್ದೇ ನನಗೆ ಇನ್ನೂ ಉರಿಯಿತು. ನನ್ನ ಪರವಾಗಿ ಮಾತಾಡಲು ಅವಳು ಯಾರು?

ಆಮೇಲೆ ತಿಂಗಳುಗಟ್ಟಲೆ ಇಬ್ಬರೂ ಸೇರಿ ಬೆಳಗಿನ ಗಾಡಿಗೆ ವಾಡಿಗೆ ಹೋಗುತ್ತಿದ್ದೆವು. ಅವಳು ಕೌದಿಯ ಕೋಣೆಯಲ್ಲಿ ಕುಳಿತು ಮಾತಾಡುವುದು. ಸಿಮೆಂಟಿನ ಗೂಡ್ಸು ಬಂದರೆ ಕೌದಿ ಇದ್ದರೂ ಗೋಡೆ ಅದುರುತ್ತಿತ್ತು; ಅದು ದಾಟುವ ತನಕ ಸುಮ್ಮನೆ ಕುಳಿತು ಮತ್ತೆ ಮೊದಲಿಂದ. ನಾನು ಪಕ್ಕದ ಕೋಣೆಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನೇ ಕೇಳುವುದು. ಮನೆಯಲ್ಲಿ ಅವಳ ಮಾತು, ರೈಲಿನಲ್ಲಿ ಅವಳ ಮಾತು, ಆಫೀಸಿನಲ್ಲಿ ಎರಡೂ ಕಿವಿಯಲ್ಲಿ ಅವಳದೇ ಮಾತು. ಅಮಾಸೆಗೊಮ್ಮೆ ತವರಿಗೆ ಹೋದರೆ ಅಲ್ಲಿಯೂ ನನ್ನ ಅಣ್ಣನ ಹೆಂಡತಿ, "ನಿಮ್ಮ ನೆಗೆಣ್ಣಿ ದನಿ ಫೋನಿನ್ಯಾಗ ಬರ್ತದಂತಲ್ರಿ, ಭಾಳ ಶ್ಯಾಣ್ಯಾ ಇರಬೇಕು ಆಕಿ," ಎಂದಳು.

ಯಂತ್ರ ಫೋನು ಮಾಡಲು ಶುರುವಾದ ಮೇಲೆ ಅವಳ ಹೆಸರು ಇನ್ನೂ ಹರಡಿತು. ಬಸುರಿಯರಿಗೆ ಅದು ಯಂತ್ರ ಎಂದು ಮೊದಲೇ ಹೇಳಲಾಗುತ್ತಿತ್ತು. ಅವರು ಹೂಂ ಎಂದು ಕೇಳಿ, ಮರುಕ್ಷಣ ಅದಕ್ಕೆ 'ಅಕ್ಕಾ' ಎಂದು ಕರೆದು ಅತ್ತೆಯ ಕಾಟ ಹೇಳಿಕೊಳ್ಳುತ್ತಿದ್ದರು. ನಾನು ಎಷ್ಟೋ ವರ್ಷ ಹೆರಿಗೆ ಮಾಡಿಸಿದ್ದೇನೆ, ನನ್ನ ಕೈಯಲ್ಲಿ ಹುಟ್ಟಿದ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆ. ನನಗೆ ಯಾರೂ ಅಷ್ಟು ಹೇಳಿಕೊಂಡಿರಲಿಲ್ಲ.

ಆದರೆ ಯಂತ್ರಕ್ಕೆ ನಮ್ಮ ಮಾತು ಪೂರಾ ತಿಳಿಯುತ್ತಿರಲಿಲ್ಲ. ಹೊಟ್ಟೆನೋವಿಗೆ ಹೊಟ್ಟೆ ಕಡಿಯುತ್ತದೆ ಎಂದರೆ ಏನು ಕಡಿಯಿತು ಎಂದು ಕೇಳುತ್ತಿತ್ತು. ಅಂಥವನ್ನೆಲ್ಲ ನಾನು ಗುರುತಿಸಿ ಹೈದರಾಬಾದಿನಲ್ಲಿದ್ದ ಕಂಪನಿಯ ಎಂಜಿನಿಯರುಗಳಿಗೆ ಕಳಿಸುತ್ತಿದ್ದೆ, ಅವರು ಸರಿ ಮಾಡುತ್ತಿದ್ದರು. ಒಂದು ಮಧ್ಯಾಹ್ನ ಆಗತಾನೇ ಮುಗಿದ ಒಂದು ಫೋನಿನ ಮಾತು ಕೇಳುತ್ತಿದ್ದೆ. ಒಬ್ಬ ಹುಡುಗಿ ನಾಚಿಕೊಂಡು, ದನಿ ಇಳಿಸಿ, "ಅಕ್ಕಾ, ನಿನ್ನಿಂದ ಬಟ್ಟಿಗಿ ಜರಾ ಜರಾ ಕಲಿ ಬೀಳಾಕತ್ತದ," ಎಂದಳು. ನರ್ಸಾದವಳಿಗೆ ಅದು ರಕ್ತ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರ ನಮ್ಮ ನೆಗೆಣ್ಣಿಯ ದನಿಯಲ್ಲಿ, ಅಷ್ಟೇ ಅಕ್ಕರೆಯಿಂದ ಹೇಳಿತು: "ಚಿಂತಿ ಮಾಡಬ್ಯಾಡ ತಂಗಿ. ಬಟ್ಟಿ ತಣ್ಣೀರಾಗ ನೆನೆ ಇಡು, ಕಲಿ ಹೋಗ್ತದ."

ಹುಡುಗಿ ಹೂಂ ಅಂದಳು. ತಕ್ಷಣ ನಾನೇ ಫೋನು ಮಾಡಿದೆ. ಅವಳ ಗಂಡ ಎತ್ತಿದ. ಸುಮ್ಮನೆ ಮಲಗಿಸಿ, ಗಾಡಿ ಮಾಡಿ, ದವಾಖಾನೆಗೆ ಕರೆದೊಯ್ಯಲು ಹೇಳಿದೆ. ಡಾಕ್ಟರಮ್ಮನಿಗೂ ಫೋನು ಮಾಡಿದೆ. ಹುಡುಗಿಯ ಬಸಿರು ಉಳಿಯಿತು. ಮ್ಯಾಡಂ ಎರಡು ದಿನ ಯಂತ್ರವನ್ನೇ ನಿಲ್ಲಿಸಿದಳು. ಅವಳ ಮುಖ ನೋಡಲಾಗುತ್ತಿರಲಿಲ್ಲ.

ಆ ಸಂಜೆ ಮನೆಗೆ ಬಂದವಳೇ ಅತ್ತೆಯ ಮುಂದೆ ಹೇಳಿದೆ. ನೆಗೆಣ್ಣಿ ಅಂದು ಆಫೀಸಿಗೆ ಬಂದಿರಲಿಲ್ಲ, ಹುಣಸೆಹಣ್ಣು ಬಿಡಿಸುತ್ತ ಕುಳಿತಿದ್ದಳು.

"ಇವತ್ತ ನಿನ್ನ ಬಾಯಾಗ ಏನು ಬಂತು ಗೊತ್ತದೇನು?" ಎಂದು ಶುರು ಮಾಡಿ ಪೂರಾ ಹೇಳಿದೆ. ಹೇಳುವಾಗ ಅವಳ ದನಿಯನ್ನೇ ಅನುಕರಿಸಿದೆ.

ಅವಳ ಕೈ ನಿಂತಿತು. "ನಾ ಹಂಗ ಅಂದಿಲ್ರಿ ಅಕ್ಕಾ," ಎಂದಳು.

"ನೀ ಅಂದಿಲ್ಲ ಖರೇ. ಕೇಳಿದಾಕಿಗಿ ನೀನೇ ಅಂದಂಗ."

"ನಾ ಅಲ್ಲಿ ಇದ್ದಿದ್ರ ಮೊದಲ ನಿಮಗ ಕೇಳ್ತಿದ್ದೆ."

ಅತ್ತೆ ನನ್ನತ್ತ ನೋಡಿ, "ಆಕಿ ಮಾಡದೇ ಇದ್ದದ್ದಕ್ಕ ಆಕಿಗಿ ಯಾಕ ಅಂತಿ?" ಎಂದರು. ಹುಡುಗಿಯ ಬಸಿರು ಉಳಿಸಿದವಳು ನಾನು. ಮನೆಯಲ್ಲಿ ಸಮಾಧಾನ ಸಿಕ್ಕಿದ್ದು ಅವಳಿಗೆ.

ಅದಾದ ಕೆಲ ತಿಂಗಳಿಗೆ ಕಂಪನಿಯ ದಿನಗಳು ಕೆಡಲು ಶುರುವಾದವು. ಎಲ್ಲ ಕಡೆಯೂ ಹಾಗೇ ಆಗುತ್ತಿದೆ ಎಂದು ಮ್ಯಾಡಂ ಹೇಳುತ್ತಿದ್ದಳು. ದವಾಖಾನೆಗಳಿಗೆ ಯಂತ್ರ ತೋರಿಸಿದರೆ ಎಲ್ಲರೂ ಛಲೋ ಅದ ಎನ್ನುತ್ತಿದ್ದರು, ಕೊಳ್ಳುವವರು ಯಾರೂ ಇರಲಿಲ್ಲ. ಸರ್ಕಾರದ ಕೆಲಸ ಇಂದು ಬಂತು, ನಾಳೆ ಬಂತು ಎನ್ನುತ್ತಿದ್ದದ್ದು ಬರಲಿಲ್ಲ. ದುಡ್ಡು ಹಾಕಿದವರಿಗೆ ಅವಸರ. ಯಂತ್ರ ಒಂದು ತಪ್ಪು ಹೇಳಿದರೆ ಜೀವದ ಪ್ರಶ್ನೆ, ಅದಕ್ಕೆ ನನ್ನಂಥವರು ಕುಳಿತು ನೋಡಬೇಕು. ಮನುಷ್ಯರು ಕುಳಿತು ನೋಡುವುದಾದರೆ ಯಂತ್ರ ಯಾಕೆ ಎಂದು ಅವರ ವಾದ. ಮ್ಯಾಡಂ ಫೋನಿನಲ್ಲಿ ಇಂಗ್ಲಿಷಿನಲ್ಲಿ ಗಂಟೆಗಟ್ಟಲೆ ಮಾತಾಡಿ ಹೊರಬಂದು ಕಿಟಕಿಯ ಹತ್ತಿರ ನಿಲ್ಲುತ್ತಿದ್ದಳು.

ಒಂದು ದಿನ ನೆಗೆಣ್ಣಿಯನ್ನು ಕರೆದಳು. ನನ್ನನ್ನೂ ಒಳಗೆ ಕೂರಿಸಿಕೊಂಡಳು.

"ನಿಮ್ಮ ಧ್ವನಿಯ ಕೆಲಸ ಮುಗಿದಿದೆ," ಎಂದಳು. "ಈಗ ಯಂತ್ರ ಯಾವ ವಾಕ್ಯ ಕೊಟ್ಟರೂ ನಿಮ್ಮ ಹಾಗೇ ಹೇಳುತ್ತೆ. ಹೊಸದಾಗಿ ರೆಕಾರ್ಡ್ ಮಾಡೋದು ಏನೂ ಉಳಿದಿಲ್ಲ. ಮುಂದಿನ ತಿಂಗಳಿಂದ ನೀವು ಬರೋದು ಬೇಡ ಅಂತ ಮೇಲಿನಿಂದ ಹೇಳಿದ್ದಾರೆ. ತುಂಬ ಬೇಜಾರಾಗ್ತಿದೆ ನನಗೆ."

ನೆಗೆಣ್ಣಿ ಕೇಳಿದಳು: "ಅಂದ್ರ ನಾ ಬರೋದು ಬ್ಯಾಡ, ನನ್ನ ದನಿ ಬರ್ತದ. ಹಂಗೇನ್ರಿ?"

ಮ್ಯಾಡಂ ಎದ್ದು ಕಿಟಕಿಯ ಹತ್ತಿರ ಹೋದಳು.

ವಾಡಿಯ ಪ್ಲಾಟ್‌ಫಾರ್ಮಿನಲ್ಲಿ ಗಾಡಿಗೆ ಕಾಯುವಾಗ ನನ್ನೊಳಗೆ ಖುಷಿ ಬರುವುದನ್ನು ಕಾಯುತ್ತಿದ್ದೆ. ಜರಾ ಬಂತು ಕೂಡ. ನನ್ನನ್ನು ಇಟ್ಟುಕೊಂಡರು, ಅವಳನ್ನು ಬಿಟ್ಟರು. ಆದರೆ ಮನೆ ಮುಟ್ಟಿದ ಮೇಲೆ ಅದು ಉಳಿಯಲಿಲ್ಲ. ಸುದ್ದಿ ಕೇಳಿ ಅತ್ತೆ ಅವಳ ತಲೆ ಸವರಿದರು, ಮರುದಿನ ಅವಳಿಗೆ ಇಷ್ಟವೆಂದು ಬೆಲ್ಲದ ಮಾದ್ಲಿ ಮಾಡಿದರು. ಮೈದುನ ಅವಳನ್ನು ಚಂದ್ರಂಪಳ್ಳಿ ಡ್ಯಾಮಿಗೆ ಕರೆದುಕೊಂಡು ಹೋಗಿ ಬಂದ. ಓಣಿಯವರು ಬಂದು, ಅಂಥಾ ದನಿಯಾಕಿನ್ನ ಬಿಟ್ಟಾರಲ್ಲ, ಕಂಪನಿಯವರಿಗಿ ಕಣ್ಣಿಲ್ಲ ಎಂದು ಮರುಗಿದರು. ಕೆಲಸ ಕಳೆದುಕೊಳ್ಳುವುದರಲ್ಲೂ ಅವಳಿಗೆ ಒಂದು ಮೆರವಣಿಗೆ ಇತ್ತು. ನನಗೆ ಆ ಮಾದ್ಲಿಯ ಮೇಲೂ ಹೊಟ್ಟೆಕಿಚ್ಚಾಯಿತು. ಬಡಿಸಿದ್ದನ್ನು ಅರ್ಧಕ್ಕೆ ಬಿಟ್ಟು ಎದ್ದೆ.

ಆಮೇಲೆ ನಾನೊಬ್ಬಳೇ ವಾಡಿಗೆ ಹೋಗುತ್ತಿದ್ದೆ. ಕೌದಿಯ ಕೋಣೆಗೆ ಬೀಗ. ಕಿವಿಯಲ್ಲಿ ಮಾತ್ರ ಅವಳು. ಅವಳು ಎಂದೂ ಆಡದ ಮಾತುಗಳನ್ನು ಅವಳ ದನಿಯಲ್ಲಿ ಕೇಳುತ್ತ ಕೂರುವುದು ಎಂಥ ವಿಚಿತ್ರವೆಂದು ಹೇಳಲಾರೆ. ಸಂಜೆ ಮನೆಗೆ ಬಂದರೆ ದನಿಯ ಒಡತಿ ರೊಟ್ಟಿ ಬಡಿಯುತ್ತಿರುತ್ತಿದ್ದಳು. ಒಮ್ಮೆ ನಮ್ಮ ಓಣಿಯ ಒಬ್ಬ ಬಸುರಿ ಬಾಗಿಲಲ್ಲಿ ನಿಂತು, "ಇವತ್ತ ಮುಂಜಾನಿ ನೀವು ಫೋನ್ ಮಾಡಿದ್ರಿ, ಗುಳಿಗಿ ತಗೊಂಡೀನ್ರಿ," ಎಂದು ಅವಳಿಗೆ ಹೇಳಿ ಹೋದಳು. ಮುಂಜಾನೆಯಿಂದ ಅವಳು ತೊಗರಿ ಹಸನು ಮಾಡುತ್ತಿದ್ದಳು. ಮೊರ ಕೊಡವಿದಳು.

ಅಂದು ಊಟವಾದ ಮೇಲೆ ನನ್ನ ಹತ್ತಿರ ಬಂದಳು.

"ಅಕ್ಕಾ, ಆ ದನಿ ನನಗೊಮ್ಮಿ ಕೇಳಸ್ರಿ."

ನನ್ನ ಫೋನಿನಲ್ಲಿ ಯಂತ್ರದ ನಂಬರಿಗೆ ಹಚ್ಚಿ ಕೊಟ್ಟೆ. ಅವಳು ಕಿವಿಗಿಟ್ಟುಕೊಂಡು, ಬಸುರಿಯಂತೆ ಎರಡು ಪ್ರಶ್ನೆ ಕೇಳಿದಳು. ಅದು ಉತ್ತರ ಕೊಟ್ಟಿತು. ಅವಳ ಮುಖ ಸಣ್ಣದಾಗುತ್ತ ಹೋಯಿತು.

"ಇಕಿಗಿ ದಣಿವೇ ಇಲ್ಲಲ್ರಿ," ಎಂದಳು ಫೋನು ಹಿಂತಿರುಗಿಸುತ್ತ. "ನಾ ಒಮ್ಮೊಮ್ಮಿ ಸಿಟ್ಟಿಗೇಳ್ತೀನಿ, ಮಾತು ಬ್ಯಾಸರಾಗ್ತದ. ಇಕಿಗಿ ಏನೂ ಇಲ್ಲ. ನನ್ನಕಿಂತ ಛಲೋ ಮಾತಾಡ್ತಾಳ. ನನಗ ಇಕಿ ಮ್ಯಾಲ ಭಾಳ ಹೊಟ್ಟಿಕಿಚ್ಚು ಬರ್ತದ್ರಿ ಅಕ್ಕಾ. ನಿಮಗ ಇಂಥಾದು ಗೊತ್ತೇ ಇಲ್ಲ ಬಿಡ್ರಿ, ನಿಮ್ಮ ಮನಸು ದೊಡ್ಡದು."

ಮಲಗು ಹೋಗು ಎಂದೆ.

ನನ್ನ ಕೆಲಸವೂ ಬಹಳ ದಿನ ಉಳಿಯಲಿಲ್ಲ. ಯಂತ್ರದ ಉತ್ತರವನ್ನು ಇನ್ನೊಂದು ಯಂತ್ರವೇ ನೋಡುತ್ತದೆ, ನರ್ಸು ಬೇಡ ಎಂದು ತೀರ್ಮಾನವಾಯಿತು. ಆ ತೀರ್ಮಾನ ಜಾರಿಯಾಗುವ ಮೊದಲೇ ಕಂಪನಿಯೇ ಮುಳುಗಿತು. ಹೈದರಾಬಾದಿನ ಎಂಜಿನಿಯರುಗಳಲ್ಲಿ ಅರ್ಧಕ್ಕರ್ಧ ಜನರನ್ನು ಒಂದೇ ಮುಂಜಾನೆ ತೆಗೆದರು, ಉಳಿದವರನ್ನು ವಾರ ಬಿಟ್ಟು. ಮ್ಯಾಡಂಗೆ ತನ್ನ ಕೆಲಸ ಹೋದ ಸುದ್ದಿ ನನ್ನೆದುರೇ ಬಂತು. ಲ್ಯಾಪ್‌ಟಾಪ್ ನೋಡುತ್ತಿದ್ದವಳು ಅದನ್ನು ಮುಚ್ಚಿ, "ನನಗೂ ಬಂತು," ಎಂದಳು. ಆ ಹುಡುಗಿಯ ಇಂಗ್ಲಿಷು, ಅವಳ ನಡಿಗೆ, ಅವಳು ಗಂಡಸರನ್ನು ಹೆಸರು ಹಿಡಿದು ಕರೆಯುವ ರೀತಿ ಎಲ್ಲದರ ಮೇಲೂ ನನಗೆ ಅಸೂಯೆ ಇತ್ತು. ಅಂದು ಇಬ್ಬರೂ ಕೂಡಿ ಗೋಡೆಯ ಕೌದಿಗಳನ್ನು ಬಿಚ್ಚಿ ಮಡಚಿದೆವು. ಕೆಳಗಿನ ಅಂಗಡಿಯವನು ಚಹ ಕಳಿಸಿದ. ಬಸುರಿಯರಿಗೆ ಯಾರು ಹೇಳುತ್ತಾರೆ ಎಂದು ನಾನು ಕೇಳಿದೆ. ಒಂದು ಮೆಸೇಜು ಹೋಗುತ್ತದೆ ಎಂದಳು. ನಮ್ಮ ಕಡೆ ಅದನ್ನು ಓದುವವರು ಎಷ್ಟು ಜನ ಎಂದು ಇಬ್ಬರಿಗೂ ಗೊತ್ತಿತ್ತು.

ನಾನು ಕೆಲಸ ಹೋಯಿತೆಂದು ಹೇಳಿದಾಗ ಅತ್ತೆ, "ಆತು ಬಿಡು, ನಿನಗೇನು, ನರ್ಸು ಕಲ್ತೀದಿ, ಎಲ್ಲ್ಯಾರ ಸಿಗ್ತದ," ಎಂದರು. ಮಾದ್ಲಿ ಮಾಡಲಿಲ್ಲ.

ಹದಿನೈದು ದಿನ ಕಳೆದಿರಬಹುದು. ಒಂದು ಮಧ್ಯಾಹ್ನ ಬಾಗಿಲಿಗೆ ಇಬ್ಬರು ಹೆಂಗಸರು ಬಂದರು. ಆಡಕಿ ಊರಿನವರು, ಒಬ್ಬಳು ಏಳೆಂಟು ತಿಂಗಳ ಬಸುರಿ, ಜೊತೆಗೆ ಅವಳ ಅತ್ತೆ. ಬಾಗಿಲು ತೆರೆದದ್ದು ನಾನು.

"ಫೋನಿನ್ಯಾಗ ಮಾತಾಡಾಕಿ ಮನಿ ಇದೇ ಏನ್ರಿ?" ಎಂದಳು ಮುದುಕಿ.

ನಾನು ಉತ್ತರಿಸುವ ಮೊದಲೇ ಒಳಗಿಂದ ನೆಗೆಣ್ಣಿ, "ಯಾರ್ರಿ ಅಕ್ಕಾ? ಬಿಸಲಾಗ ನಿಲ್ಲಸಬ್ಯಾಡ್ರಿ, ಒಳಗ ಬರಲಿ," ಎಂದಳು. ಅಷ್ಟೇ. ಬಸುರಿ ಆ ದನಿ ಕೇಳಿದವಳೇ ಹೊಸ್ತಿಲ ಮೇಲೆ ಕುಳಿತು ಅಳತೊಡಗಿದಳು.

"ವಾರಾ ವಾರಾ ಫೋನ್ ಮಾಡತಿದ್ರಿ. ಒಮ್ಮಿಗೇ ಬಿಟ್ಟುಬಿಟ್ರಿ. ನಾ ಮಾಡಿದ್ರ ಯಾರೂ ಎತ್ತವಲ್ರು. ನಾ ಏನು ತಪ್ಪು ಮಾಡೀನ್ರಿ ಅಕ್ಕಾ?"

ನೆಗೆಣ್ಣಿ ನನ್ನ ಮುಖ ನೋಡಿದಳು. ಆಮೇಲೆ ಅವಳ ಪಕ್ಕ ಕುಳಿತಳು. ಅದು ನಾನಲ್ಲ ಎಂದು ಹೇಳಲಿಲ್ಲ. "ತಪ್ಪು ನಿಂದಲ್ಲ ತಂಗಿ, ಆ ಕಂಪನಿ ಮುಚ್ಚೇದ. ಈಗ ಹೇಳು, ಏನು ತಕಲೀಫು?"

ತಲೆ ಸಿಡಿಯುತ್ತದೆ, ಎರಡು ದಿನದಿಂದ ಕಣ್ಣ ಮುಂದೆ ಮಂಜು ಎಂದಳು. ಮುಖ ಊದಿದ್ದು ನನಗೆ ಬಾಗಿಲಲ್ಲೇ ಕಂಡಿತ್ತು. ಬಿಪಿ ನೋಡುವ ಯಂತ್ರ ತಂದು ಅವಳ ತೋಳಿಗೆ ಕಟ್ಟಿದೆ. ಬಿಪಿ ಬಹಳ ಏರಿತ್ತು. ಈಗಲೇ ದವಾಖಾನೆಗೆ ಹೋಗಬೇಕು, ತಡ ಮಾಡಿದರೆ ಫಿಟ್ಸು, ಝಟಕಿ ಬರುತ್ತದೆ, ತಾಯಿಗೂ ಕೂಸಿಗೂ ಅಪಾಯ ಎಂದೆ. ಮುದುಕಿ, ನಾಳೆ ಮಗನನ್ನು ಕರೆದುಕೊಂಡು ಬರ್ತೀವಿ ಎಂದಳು. ಬಸುರಿ ನನ್ನ ಮಾತು ಕೇಳುತ್ತಿದ್ದರೂ ನೋಡುತ್ತಿದ್ದದ್ದು ನೆಗೆಣ್ಣಿಯನ್ನು.

ನೆಗೆಣ್ಣಿ ಅವಳ ಕೈ ಹಿಡಿದಳು. "ನಮ್ಮಕ್ಕ ಹೇಳಿದ್ದು ಕೇಳಿದಿ? ಫೋನಿನ್ಯಾಗ ನಾ ಏನೇನು ಹೇಳ್ತಿದ್ದೆ, ಅದೆಲ್ಲಾ ನೋಡಿ ಸರಿ ಮಾಡಾಕಿ ಇಕೀನೇ. ನಾಳಿ ಅನ್ನಬ್ಯಾಡ. ಏಳು. ನಾನೂ ಬರ್ತೀನಿ ನಿನ್ನ ಜೋಡಿ."

ಬಸುರಿ ಎದ್ದಳು.

ಆಟೋದಲ್ಲಿ ನಡುವೆ ಬಸುರಿ, ಅವಳ ತಲೆ ನೆಗೆಣ್ಣಿಯ ಹೆಗಲ ಮೇಲೆ. ಮುದುಕಿ ಈ ಕಡೆ, ನಾನು ಡ್ರೈವರನ ಪಕ್ಕ ಅರ್ಧ ಸೀಟಿನಲ್ಲಿ ಕಂಬಿ ಹಿಡಿದು. ದಾರಿಯುದ್ದಕ್ಕೂ ಹಿಂದೆ ತಿರುಗಿ ಏನು ಹೇಳಬೇಕೆಂದು ನಾನು ಹೇಳುತ್ತಿದ್ದೆ, ಅವಳು ಅದನ್ನು ತನ್ನ ಮಾತಿನಲ್ಲಿ ಹೇಳುತ್ತಿದ್ದಳು. ಎಡಮಗ್ಗುಲಿಗೆ ವಾಲಿ ಕುಂದ್ರು, ಕಣ್ಣು ಮುಚ್ಚು, ಮಾತಾಡಬ್ಯಾಡ. ಒಂದು ಜೀವ ಕೈಯಲ್ಲಿರುವ ಹೊತ್ತಿನಲ್ಲಿಯೂ, ಆ ತಲೆ ನನ್ನ ಹೆಗಲ ಮೇಲೆ ಯಾಕಿಲ್ಲ ಎನ್ನುವ ಉರಿ ನನ್ನಿಂದ ಹೋಗಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ.

ಡಾಕ್ಟರಮ್ಮ ಚುಚ್ಚುಮದ್ದು ಕೊಟ್ಟು, ತಮ್ಮದೇ ಗಾಡಿಯಲ್ಲಿ ಕಲಬುರಗಿಯ ದೊಡ್ಡ ದವಾಖಾನೆಗೆ ಕಳಿಸಿದರು. ಜೊತೆಗೆ ನಾನು ಹೋದೆ. ನೆಗೆಣ್ಣಿಯೂ ಬಂದಳು, ಅವಳ ಕೈಯನ್ನು ಆ ಹುಡುಗಿ ಬಿಡಲಿಲ್ಲ. ಮರುದಿನ ಹೆಣ್ಣುಕೂಸು ಹುಟ್ಟಿತು. ತೂಕ ಕಡಿಮೆ, ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ಆದರೆ ಉಳಿಯಿತು. ತಾಯಿಯೂ ಉಳಿದಳು.

ತಿಂಗಳಾದ ಮೇಲೆ ಅವರ ಮನೆಯವರು ಬಂದು ನೆಗೆಣ್ಣಿಗೆ ಉಡಿ ತುಂಬಿದರು. ಖಣ, ಕೊಬ್ಬರಿ, ಅಂಟಿನುಂಡಿ. ಮುದುಕಿ ಅವಳ ಗಲ್ಲ ಹಿಡಿದು, "ನಿನ್ನ ಬಾಯಿ ಪುಣ್ಯೇದ ಬಾಯಿ," ಎಂದಳು. ನಾನು ಚಹ ತಂದುಕೊಟ್ಟೆ. ಕೂಸಿನ ತಾಯಿ ನನ್ನ ಕಡೆ ನೋಡಿ ನಕ್ಕಳು. ಆದರೆ ಕೂಸನ್ನು ನೆಗೆಣ್ಣಿಯ ತೊಡೆಯ ಮೇಲೆ ಹಾಕಿದಳು. ಅವರು ಹೋದ ಮೇಲೆ ಅವಳು ಅಂಟಿನುಂಡಿಯ ಡಬ್ಬಿ ನನ್ನ ಮುಂದೆ ಇಟ್ಟು, "ಅಕ್ಕಾ, ಇದು ನಿಮಗ ಬರಬೇಕಾಗಿತ್ತು," ಎಂದಳು. ಹಾಗೆ ಅಂದದ್ದಕ್ಕೆ ಅವಳ ಮೇಲೆ ಸಿಟ್ಟು ಮಾಡಲೂ ಬಾರದಂತಾಯಿತು. ಒಂದು ಉಂಡಿ ತಿಂದೆ. ರುಚಿಯಾಗಿತ್ತು.

ಆ ವಾರ ಡಾಕ್ಟರಮ್ಮ ಹೇಳಿ ಕಳಿಸಿದರು. ನನ್ನ ಹಳೆಯ ಜಾಗದಲ್ಲಿ ಈಗ ನಾನೇ ಕೆಲಸ ಕಲಿಸಿದ ಹುಡುಗಿ ಇದ್ದಳು. ಅವಳ ಕೈಕೆಳಗೆ ಬರಬಹುದು ಎಂದರು. ಬಸುರಿಯರಿಗೆ ಫೋನು ಮಾಡಲು ನೆಗೆಣ್ಣಿಯನ್ನು ಇಟ್ಟುಕೊಳ್ಳುವ ಯೋಚನೆ ಅವರಿಗೆ ಇತ್ತು. "ಯಂತ್ರ ಹೋದ್ರ ಹೋಗ್ಲಿ, ದನಿ ಊರಾಗೇ ಅದಲಾ," ಎಂದರು. ನೆಗೆಣ್ಣಿ, "ಅಕ್ಕ ಬಂದ್ರ ನಾ ಬರ್ತೀನ್ರಿ. ಆಕಿ ಇಲ್ದ ನನಗೇನೂ ತಿಳ್ಯಂಗಿಲ್ಲ," ಎಂದಳು. ಅವಳ ಶಿಫಾರಸಿನ ಮೇಲೆ ನನಗೆ ನನ್ನದೇ ದವಾಖಾನೆಯಲ್ಲಿ ಜಾಗ ಸಿಕ್ಕಂತಾಯಿತು. ಎರಡು ದಿನ ಹೋಗುವುದಿಲ್ಲ ಎಂದು ಕುಳಿತೆ. ಮೂರನೆಯ ದಿನ ಬಿಳಿ ಸೀರೆ ಇಸ್ತ್ರಿ ಮಾಡಿಕೊಂಡು ಹೊರಟೆ.

ಈಗ ಇಬ್ಬರೂ ಅಲ್ಲೇ ಇದ್ದೇವೆ. ನಾನು ಹೆರಿಗೆ ಕೋಣೆಯಲ್ಲಿ, ಅವಳು ಹೊರಗೆ ಕಿಟಕಿಯ ಪಕ್ಕದ ಮೇಜಿನಲ್ಲಿ. ಗೊತ್ತಾಗದ್ದು ಬಂದರೆ, "ತಡಿ ತಂಗಿ, ಕೇಳಿ ಹೇಳ್ತೀನಿ," ಎಂದು ನನ್ನ ಹತ್ತಿರ ಓಡಿಬರುತ್ತಾಳೆ. ಹೆರಿಗೆಯಾಗಿ ಮನೆಗೆ ಹೋಗುವವರು ಮೊದಲು ಅವಳ ಮೇಜಿನ ಹತ್ತಿರ ನಿಲ್ಲುತ್ತಾರೆ. ನನಗೆ ಅದು ಅಭ್ಯಾಸವಾಗಿದೆ ಎಂದು ಬರೆಯಬಹುದಿತ್ತು. ಆಗಿಲ್ಲ.

ಕಳೆದ ತಿಂಗಳು ಅವಳು ತವರಿಗೆ ಹೋಗಿದ್ದಳು, ತಮ್ಮನ ಮದುವೆಗೆ. ಫೋನು ಮಾಡುವ ಕೆಲಸ ನನಗೆ ಬಂತು. ಮೊದಲ ದಿನ ಅವಳ ಕುರ್ಚಿಯಲ್ಲಿ ಕುಳಿತು ಗಂಟಲು ಸರಿ ಮಾಡಿಕೊಂಡೆ. ಕೆಲವರು, "ಯಾರ್ರಿ ನೀವು?" ಎಂದು ಕೇಳಿ ಚುಟುಕಾಗಿ ಹೂಂ ಹೂಂ ಎಂದು ಇಟ್ಟರು. ಚಿಂಚೋಳಿ ಕಡೆಯ ಒಬ್ಬ ಬಾಣಂತಿ ಮಾತ್ರ ಬೇಗ ಇಡಲಿಲ್ಲ. ಕೂಸಿನ ಹೊಕ್ಕುಳಲ್ಲಿ ಕೀವು ಕಾಣುತ್ತಿದೆಯಂತೆ. ನಾನು ಒಂದೊಂದಾಗಿ ಕೇಳಿದೆ, ಹೇಳಿದೆ, ಅವಳು ಮತ್ತೆ ಕೇಳಿದಳು, ಕೂಸು ಹಾಲು ಕುಡಿಯುವಾಗ ಅಳುವುದನ್ನು ಹೇಳಿದಳು, ಗಂಡ ಹೈದರಾಬಾದಿಗೆ ದುಡಿಯಲು ಹೋದದ್ದನ್ನು ಹೇಳಿದಳು. ಗೊತ್ತಿಲ್ಲದಂತೆಯೇ ನನ್ನ ಒತ್ತಕ್ಷರಗಳೆಲ್ಲ ಬಿಟ್ಟುಹೋಗಿದ್ದವು. ಬಹಳ ಹೊತ್ತು ಮಾತಾಡಿದೆವು. ನಾಳೆ ಕೂಸನ್ನು ತಂದು ತೋರಿಸುತ್ತೇನೆ ಎಂದಳು.

"ನೀವೂ ಛಲೋ ಮಾತಾಡ್ತೀರಿ," ಎಂದಳು ಕೊನೆಗೆ. "ಆದ್ರ ಆ ಅಕ್ಕ ಯಾವಾಗ ಬರ್ತಾಳ್ರಿ?"

"ಸೋಮವಾರ ಬರ್ತಾಳ," ಎಂದೆ. ಮುಂದಿನ ನಂಬರು ಒತ್ತಿದೆ.